ಮರಿಲಿಂಗಪ್ಪ ಕೋಲು ಹಿಡಿದ ವರ್ಷ

ಕರೆಮ್ಮನ ಮನೆ ಓಣಿಯಲ್ಲಿ ಎರಡನೆಯದು. ಬೇವಿನ ಗಿಡದ ಕಡೆಯಿಂದ ಎಣಿಸಿದರೆ ಮೊದಲು ಶ್ರೀಮಂತನ ಮನೆ, ಆಮೇಲೆ ಅವಳದು, ಮೂರನೆಯದು ಪರಿಮಳಾಳದು. ಅಲ್ಲಿಂದ ಕಾಲುವೆ ದಂಡೆಯವರೆಗೆ ಇನ್ನು ಮೂರು. ಒಟ್ಟು ಆರು. ಶಹಾಪುರದಿಂದ ದೋರನಹಳ್ಳಿ ಬಸ್ಸು ಹಿಡಿದು ನಡುವೆ ಇಳಿದು ಕಾಲುವೆಗುಂಟ ನಡೆದು ಬಂದವರಿಗೆ ಮೊದಲು ಸಿಗುವುದು ಆರನೆಯ ಮನೆ. ಹಾಗಾಗಿ ಹೊರಗಿನವರ ಎಣಿಕೆ ಉಲ್ಟಾ ಆಗುತ್ತದೆ. ಓಣಿಯವರ ಎಣಿಕೆ ಮಾತ್ರ ಯಾವಾಗಲೂ ಬೇವಿನ ಗಿಡದಿಂದಲೇ. ಇದನ್ನು ಮೊದಲೇ ಹೇಳಿಬಿಡಬೇಕು. ಕರೆಮ್ಮನ ಬದುಕಿನಲ್ಲಿ ಆದದ್ದೆಲ್ಲ ಈ ಎಣಿಕೆಯಿಂದಲೇ ಆಯಿತು.

ಅವಳು ಸೊಸೆಯಾಗಿ ಬಂದಾಗ ಈ ಆರು ಮನೆಗಳಿಗೆ ಊರ ಚಾಕರಿ ಇತ್ತು. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಂದು ಮನೆ. ಚಾವಡಿಯ ಕಸ ಹೊಡೆಯುವುದು, ಹಲಗೆ ಬಾರಿಸಿ ಡಂಗುರ ಸಾರುವುದು, ಊರಲ್ಲಿ ಯಾರಾದರೂ ಸತ್ತರೆ ಅವರ ನೆಂಟರ ಊರಿಗೆ ಸುದ್ದಿ ಒಯ್ಯುವುದು, ಸತ್ತ ದನ ಎಳೆಯುವುದು. ಚಾಕರಿಗೆ ಗುರುತು ಒಂದು ಕೋಲು. ಮಾರುದ್ದದ ಬಿದಿರು, ತುದಿಗೆ ಎರಡು ಕಬ್ಬಿಣದ ಬಳೆ. ಆ ಕೋಲು ಯಾರ ಬಾಗಿಲ ಗೂಟಕ್ಕೆ ತೂಗುತ್ತಿದೆಯೋ ಆ ವರ್ಷ ಅವರ ಪಾಳಿ. ಯುಗಾದಿಯ ದಿನ ಅದು ಪಕ್ಕದ ಗೂಟಕ್ಕೆ ಹೋಗುತ್ತಿತ್ತು. ಆರನೆಯ ಮನೆಯಿಂದ ಮತ್ತೆ ಬೇವಿನ ಗಿಡದ ಕಡೆಗೆ ಬರುತ್ತಿತ್ತು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡುವ ಜರೂರೂ ಇರಲಿಲ್ಲ. ತನ್ನದಲ್ಲದ ವರ್ಷದ ಕೋಲಿಗೆ ಕೈ ಚಾಚುವವನು ಆ ಓಣಿಯಲ್ಲಿ ಹುಟ್ಟಿರಲಿಲ್ಲ.

ಒಬ್ಬ ಚಾಚಿದ. ಅವನೇ ಕರೆಮ್ಮನ ಗಂಡ ಮರಿಲಿಂಗಪ್ಪ.

ಅದು ಶ್ರೀಮಂತನ ಮನೆಯ ಪಾಳಿಯ ವರ್ಷ. ಶ್ರೀಮಂತನ ಅಪ್ಪ ದಮ್ಮಿನ ಮನುಷ್ಯ, ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದ. ಶ್ರೀಮಂತ ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದ. ಯುಗಾದಿಯ ದಿನ ಬೆಳಿಗ್ಗೆ ಮುದುಕ ಕೋಲನ್ನು ತನ್ನ ಗೂಟಕ್ಕೆ ಹಾಕದೆ ನೇರ ಮರಿಲಿಂಗಪ್ಪನ ಕಟ್ಟೆಗೆ ತಂದ. ಕರೆಮ್ಮ ಬೇವು ಕಲಸುತ್ತಿದ್ದಳು. ಮುದುಕ ಉಸಿರು ತೆಗೆದುಕೊಂಡು ಆಡಿದ ಮಾತು ಅವಳಿಗೆ ಇಂದಿಗೂ ಅಕ್ಷರ ತಪ್ಪದೆ ಬಾಯಿಗೆ ಬರುತ್ತದೆ.

"ಮರಿಲಿಂಗಾ, ಈ ವರ್ಷ ನಮ್ಮ ಪಾಳಿ ನೀ ಹಿಡಿ. ಹುಡುಗಂದು ಪರೀಕ್ಷಾ ಅದ. ಮುಂದಿನ ವರ್ಷ ನಿನ್ನ ಪಾಳಿ ಬರ್ತದಲ್ಲ, ಅದನ್ನ ಅಂವ ಹಿಡೀತಾನ. ಅದಲು ಬದಲು."

"ಓದ್ಲಿ ಬಿಡು ಕಾಕಾ," ಅಂದ ಮರಿಲಿಂಗಪ್ಪ. ಕೋಲು ಇಸಿದುಕೊಂಡು ತನ್ನ ಗೂಟಕ್ಕೆ ಹಾಕಿದ. ಇಷ್ಟೇ ನಡೆದದ್ದು. ಕಣ್ಣಾರೆ ಕಂಡವಳು ಕರೆಮ್ಮ ಒಬ್ಬಳೇ.

ಆ ವರ್ಷ ಊರಲ್ಲಿ ಸಾವು ಹೆಚ್ಚು. ಒಂಬತ್ತು ಸಾವಿನ ಸುದ್ದಿ ಮರಿಲಿಂಗಪ್ಪನೇ ಒಯ್ದ. ಕೊಂಕಲ್‌ಗೆ ಎರಡು ಸಲ, ಸುರಪುರಕ್ಕೆ ಮೂರು ಸಲ, ಉಳಿದವು ಅಲ್ಲಿ ಇಲ್ಲಿ. ಓಣಿಯ ತಿರುವಿನಲ್ಲಿ ಬಳೆ ಮಾರುವ ಖಾಸಿಂಬೀಯ ಗಂಡ ತೀರಿದಾಗ ಅವಳ ಅಣ್ಣನಿಗೆ ತಿಳಿಸಲು ತಿಂಥಣಿಗೆ ಹೋದವನೂ ಅವನೇ. ಸುರಪುರದಲ್ಲಿ ಬಸ್ಸು ತಪ್ಪಿ ಉಳಿದ ದಾರಿ ನಡೆದಿದ್ದ. ಮಳೆಗಾಲದಲ್ಲಿ ಊರ ದೊಡ್ಡವರ ಎತ್ತೊಂದು ಹಾಳು ಬಾವಿಗೆ ಬಿದ್ದು ಸತ್ತಿತು. ಎತ್ತಲು ಇಳಿದ ಮರಿಲಿಂಗಪ್ಪನ ಮೇಲೆ ಹಗ್ಗ ಜಾರಿ ಎತ್ತು ಒರಗಿತು. ಆ ದಿನದಿಂದ ಅವನ ಎಡಗಾಲು ಎಳೆಯತೊಡಗಿ, ಸಾಯುವವರೆಗೆ ಎಳೆಯುತ್ತಲೇ ಇತ್ತು.

ಮುಂದಿನ ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ ಓಣಿಯೆಲ್ಲ ಬುದ್ಧನ ದೀಕ್ಷೆ ತೆಗೆದುಕೊಂಡಿತು. ಇನ್ನು ಚಾಕರಿ ಮಾಡುವುದಿಲ್ಲ ಎಂದು ಆರೂ ಮನೆಯವರು ಚಾವಡಿಗೆ ಹೋಗಿ ಹೇಳಿ ಬಂದರು. ಓದು ಮುಗಿಸಿ ಬಂದಿದ್ದ ಶ್ರೀಮಂತನೇ ಮುಂದೆ ನಿಂತು ಕರೆಮ್ಮನ ಬಾಗಿಲ ಗೂಟದಿಂದ ಕೋಲು ಕಿತ್ತು ಕಾಲುವೆಗೆ ಎಸೆದ. ಎಲ್ಲರೂ ಚಪ್ಪಾಳೆ ಹೊಡೆದರು. ಕರೆಮ್ಮನೂ ಹೊಡೆದಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅದಲು ಆಗಿ ಹೋಗಿ ಬದಲು ನೀರಿಗೆ ಬಿತ್ತೆಂಬುದು ಆ ಹೊತ್ತಿನಲ್ಲಿ ಯಾರ ತಲೆಗೂ ಬರಲಿಲ್ಲ. ಬಂದಿದ್ದರೂ ಯಾರು ಆಡುತ್ತಿದ್ದರು? ಚಾಕರಿಯೇ ಹೋದ ಮೇಲೆ ಚಾಕರಿಯ ಲೆಕ್ಕ ಯಾಕೆ.

ಲೆಕ್ಕ ಬಂದದ್ದು ನಾಲ್ಕು ವರ್ಷದ ಮೇಲೆ.

ಓಣಿಯ ಚಿಕ್ಕ ಶಾಲೆಗೆ ಮಕ್ಕಳ ಬಿಸಿಯೂಟ ಬಂತು. ಅಡುಗೆ ಮಾಡಲು ಒಬ್ಬ ಹೆಂಗಸು ಬೇಕು, ತಿಂಗಳಿಗೆ ಸರ್ಕಾರವೇ ಪಗಾರ ಕೊಡುತ್ತದೆ ಎಂದರು. ಬಿಸಿಲಲ್ಲಿ ಕಳೆ ಕೀಳುವ, ಹತ್ತಿ ಬಿಡಿಸುವ ಹೆಂಗಸರಿಗೆ ನೆರಳಲ್ಲಿ ನಿಂತು ಮಾಡುವ ಕೆಲಸ ಅದೇ ಮೊದಲು. ಆರೂ ಮನೆಗೂ ಬೇಕಾಯಿತು. ಜಗಳ ಬೇಡವೆಂದು, ದೀಕ್ಷೆಯ ಮೇಲೆ ಓಣಿಯವರು ಕಟ್ಟಿಕೊಂಡ ವಿಹಾರದಲ್ಲಿ ಕೂತು ಮಾತಾಡಿದರು. ಒಂದೊಂದು ಮನೆಗೆ ನಾಲ್ಕು ವರ್ಷ. ನಾಲ್ಕು ತುಂಬಿದ ಮೇಲೆ ಆ ಮನೆಯವಳು ತಾನಾಗಿ ಬಿಡಬೇಕು, ಮುಂದಿನ ಮನೆಯವಳು ಅರ್ಜಿ ಹಾಕಬೇಕು. ಎಲ್ಲಿಂದ ಶುರು? ಶ್ರೀಮಂತ ಅಷ್ಟೊತ್ತಿಗೆ ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕಾಗದ ಬಲ್ಲವನು ಎಂದು ಎಲ್ಲರೂ ಅವನ ಮುಖ ನೋಡಿದರು. ಹಳೆಯ ಪಾಳಿಯೇ ಇರಲಿ, ಅದನ್ನು ಯಾರೂ ಮುರಿದಿಲ್ಲ, ಕೋಲು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಹೋಗೋಣ ಎಂದ ಅವನು. ಕೋಲು ನಿಂತದ್ದು ಕರೆಮ್ಮನ ಗೂಟದಲ್ಲಿ. ಹಾಗಾಗಿ ಮೊದಲ ಪಾಳಿ ಮೂರನೆಯ ಮನೆಗೆ, ಪರಿಮಳಾಳ ಅತ್ತೆಗೆ, ಹೋಯಿತು.

ಕರೆಮ್ಮ ಅರ್ಧ ಎದ್ದಳು. ಮರಿಲಿಂಗಪ್ಪ ಅವಳ ಸೆರಗಿನ ತುದಿ ಹಿಡಿದು ಕೂರಿಸಿದ.

ಕೋಲು ಅವರ ಗೂಟದಲ್ಲಿದ್ದದ್ದು ನಿಜ. ಆದರೆ ಆ ವರ್ಷ ಅವರದಲ್ಲ, ಶ್ರೀಮಂತನ ಮನೆಯದು. ವರ್ಷ ಯಾರದು ಎಂದು ನೋಡಿದ್ದರೆ ಶ್ರೀಮಂತನ ಮುಂದಿನ ಮನೆ ಕರೆಮ್ಮನದು, ಮೊದಲ ಪಾಳಿ ಅವಳದೇ ಆಗಬೇಕಿತ್ತು. ಕೋಲು ಯಾರ ಕೈಯಲ್ಲಿತ್ತು ಎಂದು ನೋಡಿದ್ದರಿಂದ ಮೊದಲಿನವಳು ಕೊನೆಯವಳಾದಳು. ಉಳಿದ ಐದೂ ಮನೆಗೆ ಪಾಳಿ ನಾಲ್ಕು ವರ್ಷ ಮೊದಲೇ ಬರುವುದಾದ್ದರಿಂದ, ಆ ವರ್ಷ ಕೋಲು ಒಂದು ಮನೆ ದಾಟಿ ಬಂದದ್ದನ್ನು ಯಾರೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಅವಳು ಇದನ್ನೇ ಗಂಡನಿಗೆ ಹೇಳಿದಳು. ಅವನು ಕಾಲು ತಿಕ್ಕಿಕೊಳ್ಳುತ್ತ, ಪಾಳಿ ಎಲ್ಲಿಗೆ ಹೋಗ್ತದ, ಬಂದೇ ಬರ್ತದ ಎಂದ. ಎಷ್ಟು ವರ್ಷಕ್ಕೆ ಎಂದು ಅವಳು ಕೇಳಿದಳು. ಅವನು ಬೆರಳ ಗಿಣ್ಣು ಮುಟ್ಟಿ ಎಣಿಸಿದ. ನಡುವೆ ಐದು ಮನೆ, ನಾಲ್ಕು ನಾಲ್ಕು ವರ್ಷ. ಇಪ್ಪತ್ತು ಎಂದ.

ಅವಳು ಹತ್ತಿ ಬಿಡಿಸಿದಳು, ಭತ್ತ ನಾಟಿ ಮಾಡಿದಳು, ಮೆಣಸಿನಕಾಯಿ ಹರಿದಳು. ಹನ್ನೆರಡನೆಯ ವರ್ಷ ಮರಿಲಿಂಗಪ್ಪ ತೀರಿಕೊಂಡ. ಹದಿನೆಂಟನೆಯ ವರ್ಷ ಮಗಳು ಸಪ್ನಾ ಸುರಪುರದಿಂದ ಒಂದು ಬ್ಯಾಗು ಹಿಡಿದು ವಾಪಸು ಬಂದಳು. ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಆಗ ಶಾಲೆಯ ಅಡುಗೆ ಶ್ರೀಮಂತನ ಹೆಂಡತಿಯ ಕೈಯಲ್ಲಿತ್ತು. ಇನ್ನು ಎರಡೇ ವರ್ಷ ಎಂದು ತಾಯಿ ಮಗಳು ಮಾತಾಡಿಕೊಂಡರು. ಅಷ್ಟರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. ಇಪ್ಪತ್ತು ತುಂಬಿದಾಗ ಶ್ರೀಮಂತ ಇನ್ನೊಂದು ಲೆಕ್ಕ ತೆಗೆದ. ಒಲೆ ಹೊತ್ತದ ಎರಡು ವರ್ಷ ನಮ್ಮ ಮನೆಯ ಪಾಳಿಗೆ ಹೇಗೆ ಸೇರುತ್ತದೆ, ಅದನ್ನು ತೆಗೆದು ಎಣಿಸಿರಿ ಎಂದ. ಹಾಗೆ ಇಪ್ಪತ್ತು ಹೋಗಿ ಇಪ್ಪತ್ತೆರಡಾಯಿತು.

ಆ ಇಪ್ಪತ್ತೆರಡನೆಯ ವರ್ಷದ ಬೇಸಿಗೆಯಲ್ಲಿ ಶ್ರೀಮಂತ ತಾನೇ ಕರೆಮ್ಮನ ಕಟ್ಟೆಗೆ ಬಂದು ಕೂತ. ನೀರು ಕುಡಿದ. ಆಧಾರ ಕಾರ್ಡು ತರಿಸಿ ಕನ್ನಡಕ ಏರಿಸಿ ನೋಡಿದ. ಹುಟ್ಟಿದ ದಿನ ಗೊತ್ತಿಲ್ಲವೆಂದದ್ದಕ್ಕೆ ಕಾರ್ಡು ಮಾಡುವವನು ಅವಳ ಮುಖ ನೋಡಿ ಒಂದು ವರ್ಷ ಹಾಕಿದ್ದ. ಬಿಸಿಲಲ್ಲಿ ಬೆಂದ ಮುಖ, ನಾಲ್ಕು ವರ್ಷ ಹೆಚ್ಚೇ ಹಾಕಿದ್ದ. ಕಾರ್ಡಿನ ಪ್ರಕಾರ ಅವಳಿಗೆ ಜನವರಿಗೆ ಅರವತ್ತು ಮುಗಿದಿತ್ತು. ಅರವತ್ತು ಆದವರು ಬಿಸಿಯೂಟದ ಅಡುಗೆ ಮಾಡುವಂತಿಲ್ಲ, ಅದು ಸರ್ಕಾರದ ನಿಯಮ, ನನ್ನ ಕೈಯಲ್ಲಿ ಏನಿದೆ ಅಕ್ಕಾ ಎಂದ.

ಪಾಳಿ ಮನೆಯದು, ಮನುಷ್ಯರದಲ್ಲ, ಸಪ್ನಾ ಮಾಡುತ್ತಾಳೆ ಎಂದಳು ಕರೆಮ್ಮ.

"ಸಪ್ನಾನ ರೇಶನ್ ಕಾರ್ಡು ಸುರಪುರದಾಗ ಅದ ಅಕ್ಕಾ. ಕೊಟ್ಟ ಹೆಣ್ಣು ಆ ಮನಿದು. ಓಣಿ ಮಂದಿ ಒಪ್ಪಂಗಿಲ್ಲ."

"ಓಣಿ ಮಂದಿನ್ನ ನೀ ಕೇಳಿದೇನು?"

"ಕೂಡೂಣು. ವಿಹಾರದಾಗ ಕೂಡಿ ಕೇಳೂಣು," ಎಂದು ಶ್ರೀಮಂತ ಎದ್ದು ಹೋದ.

ಕೂಡುವ ದಿನ ಭಾನುವಾರವೆಂದು ಗೊತ್ತಾಯಿತು. ಅದಕ್ಕಿಂತ ಮೂರು ದಿನ ಮೊದಲು ಹುಣ್ಣಿಮೆ. ಹುಣ್ಣಿಮೆ ದಿನ ಬೆಳಿಗ್ಗೆ ವಿಹಾರದಲ್ಲಿ ವಂದನೆ ಆದ ಮೇಲೆ ಶ್ರೀಮಂತನ ಮಗ ಬುದ್ಧಪ್ರಿಯ ಹೆಂಗಸರಿಗೆ ಅರ್ಧ ತಾಸು ಪಾಠ ಹೇಳುತ್ತಾನೆ. ಕಾವಿ ಉಟ್ಟ ಭಂತೇಜಿಯೊಬ್ಬರ ಹತ್ತಿರ ಎರಡು ವರ್ಷ ಇದ್ದು ಬುದ್ಧವಚನದ ಭಾಷೆ ಕಲಿತು ಬಂದ ಹುಡುಗ. ಈಗ ಯಾದಗಿರಿಯ ಒಂದು ಶಾಲೆಯಲ್ಲಿ ಮಾಸ್ತರ. ಮೆತ್ತಗೆ ಮಾತಾಡುತ್ತಾನೆ. ಆ ಭಾಷೆಯ ಹೆಸರು ಪಾಳಿ ಎಂದು ಅವನು ಮೊದಲ ಸಲ ಹೇಳಿದಾಗ ಪರಿಮಳಾ, ಹಂಗಾದ್ರ ಆ ಭಾಷಾ ನಮಗ ಬರ್ತದಲ್ಲ, ನಳದ ಮುಂದ ಕೊಡ ಇಟ್ಟು ದಿನಾ ಅದನ್ನೇ ಮಾತಾಡ್ತೀವಿ ಎಂದು ಎಲ್ಲರನ್ನೂ ನಗಿಸಿದ್ದಳು. ಹುಡುಗ ಸಿಟ್ಟಾಗಿರಲಿಲ್ಲ. ನೀವು ಹೇಳಿದ್ದು ಸುಳ್ಳಲ್ಲ ಎಂದಿದ್ದ. ಪಾಳಿ ಎಂದರೆ ಮೊದಲಿಗೆ ಸಾಲು, ಗೆರೆ. ಒಂದರ ಹಿಂದೆ ಒಂದು ಬಂದರೆ ಅದು ಪಾಳಿ. ಬುದ್ಧನ ಮಾತನ್ನು ಸಾಲಿಗೆ ಸಾಲು ಹಿಡಿದು ಉಳಿಸಿದ್ದರಿಂದ ಆ ಭಾಷೆಗೂ ಅದೇ ಹೆಸರು ಬಂತೆಂದು ತಿಳಿದವರು ಹೇಳುತ್ತಾರೆ. ಸಾಲಿನಲ್ಲಿ ನಿಂತವರಿಗೆ ಒಬ್ಬೊಬ್ಬರಿಗೆ ಬರುವುದಕ್ಕೂ ನಾವು ಪಾಳಿ ಅಂದೆವು.

ಕರೆಮ್ಮ ಇದನ್ನು ಖಾಸಿಂಬೀಗೆ ಹೇಳಿದ್ದಳು. ಖಾಸಿಂಬೀ ಬಳೆ ಒರೆಸುತ್ತ, ನಮ್ಮವರಲ್ಲಿ ಅದಕ್ಕೆ ಬಾರಿ ಅಂತಾರೆ, ಹಳಬರು ನೌಬತ್ ಅನ್ನುತ್ತಿದ್ದರು ಎಂದಳು. ದರ್ಗಾದ ಬಾಗಿಲ ಮೇಲೆ ಬಾರಿಸುವ ನಗಾರಿಗೂ ನೌಬತ್ ಎಂದೇ ಹೆಸರು. ಒಬ್ಬ ದಣಿದರೆ ಇನ್ನೊಬ್ಬ ಕೂತು ಪಾಳಿಯ ಮೇಲೆ ಬಾರಿಸುತ್ತಿದ್ದರು, ಪಾಳಿಯ ಹೆಸರೇ ನಗಾರಿಗೆ ಅಂಟಿತು, ನನ್ನ ಅಜ್ಜ ಬಾರಿಸುತ್ತಿದ್ದ ಎಂದಳು. ಮರಿಲಿಂಗಪ್ಪನ ಹಲಗೆ ಇಬ್ಬರ ನೆನಪಿಗೂ ಬಂತು.

ಈ ಹುಣ್ಣಿಮೆಗೆ ಬುದ್ಧಪ್ರಿಯ ಹೊಸದೊಂದು ಶಬ್ದ ಹೇಳಿದ. ಸಪದಾನ. ಭಿಕ್ಷೆಗೆ ಹೊರಟ ಭಿಕ್ಕು ಒಂದು ಓಣಿ ಹೊಕ್ಕರೆ ಮನೆಯಿಂದ ಮನೆಗೆ ಸಾಲು ತಪ್ಪದೆ ಹೋಗಬೇಕು. ಇದು ಸಿರಿವಂತರ ಮನೆ ಎಂದು ಮೊದಲು ಹೋಗುವಂತಿಲ್ಲ, ಇದು ಬಡವರ ಮನೆ ಎಂದು ದಾಟುವಂತಿಲ್ಲ. ಹಾಗೆ ನಡೆಯುವುದಕ್ಕೆ ಸಪದಾನ ಎಂದು ಹೆಸರು. ಇಲ್ಲಿ ದಾನ ಎಂದರೆ ಕೊಡುವುದಲ್ಲ ಎಂದು ಅವನು ಬಿಡಿಸಿ ಹೇಳಿದ. ಹಳೆಯ ಟೀಕೆ ಬರೆದವರು ಅದಕ್ಕೆ ಕಡಿಯುವುದು, ತುಂಡು ಮಾಡುವುದು ಎಂದು ಅರ್ಥ ಹೇಳಿದ್ದಾರೆ. ಅಪದಾನ ಎಂದರೆ ತುಂಡಾಗದ್ದು. ತುಂಡಾಗದಂತೆ ಹೋಗುವುದು ಸಪದಾನ.

ಬೇರೆ ಹೆಂಗಸರು ಎದ್ದು ಹೋದ ಮೇಲೂ ಕರೆಮ್ಮ ಕೂತೇ ಇದ್ದಳು. ಆ ಶಬ್ದವನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಯಪ್ಪಾ, ನಡುವ ಒಂದು ಮನಿ ಬಿಟ್ಟು ಮುಂದ ಹೋದ್ರ?"

"ಆವಾಗ ಅದು ಸಪದಾನ ಅಲ್ಲ ದೊಡ್ಡವ್ವ. ವ್ರತ ಮುರೀತು."

"ಬಿಟ್ಟ ಮನಿಗೆ ತಿರುಗಿ ಬರಬೇಕಂತ ಬರದಾರೇನು?"

"ನಾ ಓದಿದ್ದರಾಗ ಇಲ್ಲ," ಎಂದ.

ಆಗ ಅವಳು ಕೋಲಿನ ವರ್ಷದ ಮಾತನ್ನು ಅವನಿಗೆ ಮೊದಲಿಂದ ಕೊನೆಯವರೆಗೆ ಹೇಳಿದಳು. ಅವನ ಅಜ್ಜ ಕಟ್ಟೆಗೆ ಬಂದದ್ದು, ಆಡಿದ ಮಾತು, ಒಂಬತ್ತು ಸಾವು, ಬಾವಿಯ ಎತ್ತು, ಕಾಲುವೆಗೆ ಬಿದ್ದ ಕೋಲು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು. ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅವನ ಮುಖ ಕೆಂಪಾಯಿತು. ಅಪ್ಪನಿಗೆ ಕೇಳುತ್ತೇನೆ, ಭಾನುವಾರ ನಾನೂ ಇರುತ್ತೇನೆ, ಅಲ್ಲೇ ಹೇಳುತ್ತೇನೆ ದೊಡ್ಡವ್ವ ಎಂದ. ಅವಳಿಗೆ ಇಪ್ಪತ್ತೆರಡು ವರ್ಷದಲ್ಲಿ ಅಂದು ಮೊದಲ ಸಲ ಧೈರ್ಯ ಬಂತು. ಮನೆಗೆ ಬಂದು ಸಪ್ನಾಗೆ, ಒಂದು ಒಳ್ಳೆಯ ಸೀರೆ ತೆಗೆದಿಡು, ಅಡುಗೆಗೆ ಹೋಗುವಾಗ ಹರಿದದ್ದು ಉಡಬಾರದು ಎಂದಳು.

ಭಾನುವಾರ ಹತ್ತು ಗಂಟೆಗೆ ಕೂಡಿದರು. ಶ್ರೀಮಂತ ಖುರ್ಚಿಯಲ್ಲಿ ಕೂತು ನಿಯಮ ಓದಿದ. ಕರೆಮ್ಮನಿಗೆ ವಯಸ್ಸು ಮೀರಿದೆ, ಸಪ್ನಾ ಈ ಮನೆಯವಳಲ್ಲ, ಆದ್ದರಿಂದ ಎರಡನೆಯ ಮನೆ ಬಿಟ್ಟು ಪಾಳಿ ಮೂರನೆಯದಕ್ಕೆ, ಅಂದರೆ ಪರಿಮಳಾಗೆ, ಹೋಗಲಿ ಎಂದ. ಯಾರಿಗಾದರೂ ಮಾತಾಡುವುದಿದ್ದರೆ ಮಾತಾಡಿರಿ ಎಂದ.

ಕರೆಮ್ಮ ಎದ್ದು ನಿಂತಳು. ಈ ಸಲ ಸೆರಗು ಹಿಡಿಯುವವರಿರಲಿಲ್ಲ.

"ಶ್ರೀಮಂತ, ನಾ ಒಂದೇ ಕೇಳ್ತೀನಿ. ಕಡೀ ವರ್ಷ ನನ ಗಂಡ ಕೋಲು ಹಿಡದಾನಲ್ಲ, ಆ ವರ್ಷ ಯಾರ ಮನಿ ಪಾಳಿ ಇತ್ತು?"

"ನಾ ಆವಾಗ ಊರಾಗ ಇರಲಿಲ್ಲ ಅಕ್ಕಾ. ಕಲಬುರಗ್ಯಾಗ ಇದ್ದೆ."

"ಯಾಕ ಇರಲಿಲ್ಲ ಅಂತಾನೇ ನಾ ಕೇಳಾಕತ್ತೀನಿ."

ಅಪ್ಪ ತೀರಿಕೊಂಡಿದ್ದಾನೆ, ಮರಿಲಿಂಗಣ್ಣನೂ ಇಲ್ಲ, ಇಬ್ಬರ ನಡುವೆ ಏನು ಮಾತಾಯಿತೋ ಯಾರು ಬಲ್ಲರು ಎಂದ ಶ್ರೀಮಂತ. ಆಗ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ ಖಾಸಿಂಬೀ ನಾನು ಬಲ್ಲೆ ಎಂದಳು. ಎಲ್ಲರೂ ತಿರುಗಿ ನೋಡಿದರು. ಅವಳು ಒಳಗೆ ಬರಲಿಲ್ಲ, ಹೊಸ್ತಿಲಾಚೆಯಿಂದಲೇ ಹೇಳಿದಳು.

"ನಮ್ಮ ಮನಿಯವ್ರು ತೀರಿದ ದಿನಾ ಮರಿಲಿಂಗಣ್ಣ ತಿಂಥಣಿಗೆ ಹೊಂಟಿದ್ದ. ಮಳಿ ಇತ್ತು. ನಾನೇ ಹೇಳ್ದೆ, ಭಾಯಿ, ನಾಳಿಗೆ ಹೋಗು ಅಂತ. ಅಂವ, ಪಾಳಿ ನಂದಾಗಿದ್ರ ನಾಳಿ ಹೋಗ್ತಿದ್ದೆ ಭಾಬಿ, ಶ್ರೀಮಂತನ ಮನೀದು ಅದ, ಮಾತು ಬರ್ತದ ಅಂದ. ನನ್ನ ಕಿವಿಲೇ ಕೇಳೀನಿ."

ಯಾರೋ ಒಬ್ಬರು, ಓಣಿ ಮಾತಿನಾಗ ಹೊರಗಿನವ್ರು ಯಾಕ ಎಂದರು. ಇನ್ನೊಬ್ಬರು, ಆಕಿ ಸುಳ್ಳು ಹೇಳಾಕಿ ಅಲ್ಲ ಬಿಡ್ರಿ ಎಂದರು. ಸ್ವಲ್ಪ ಗದ್ದಲವಾಯಿತು. ಕರೆಮ್ಮ ಬುದ್ಧಪ್ರಿಯನ ಕಡೆ ನೋಡಿದಳು. ಅವನು ಅಪ್ಪನ ಖುರ್ಚಿಯ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಮೊಬೈಲಿತ್ತು. ಅದರ ಮೇಲೆ ಬೆರಳು ಆಡುತ್ತಿತ್ತು. ತಲೆ ಎತ್ತಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಅವನಿಗೆ ಅದು ಗೊತ್ತಿತ್ತು. ಅವನ ಬೆರಳು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಶ್ರೀಮಂತ ಎರಡೂ ಕೈ ಎತ್ತಿದ. "ಆತು. ಆ ವರ್ಷ ನಮ್ಮ ಮನೀದ ಅಂತ ಇಟ್ಕೋರಿ. ನಾ ಒಪ್ಪತೀನಿ. ಈಗ ಏನ್ ಮಾಡೂಣು? ಇಪ್ಪತ್ತೆರಡು ವರ್ಷ ಉಂಡ ಅನ್ನ ಹೊಳ್ಳಿ ಬರ್ತದೇನು?"

ಮಂದಿ ನಕ್ಕರು. ನಕ್ಕ ಮೇಲೆ ಮಾತು ಹಗುರಾಯಿತು. ಇಪ್ಪತ್ತೆರಡು ವರ್ಷ ಅವಳು ಕಾಯ್ದ ಮಾತು ಅದು, ಆ ವರ್ಷ ನಮ್ಮ ಮನೆಯದು ಎಂಬ ಮಾತು. ಅದನ್ನು ಅವನು ಕೊಟ್ಟೇಬಿಟ್ಟ. ಕೊಟ್ಟದ್ದರಿಂದ ಅವನ ಮನೆಯಿಂದ ಏನೂ ಹೋಗಲಿಲ್ಲ. ಮರಿಲಿಂಗಣ್ಣ ದೊಡ್ಡ ಮನುಷ್ಯ, ನನ್ನ ಓದಿಗೆ ಆಸರೆಯಾದವನು, ಅವನದೊಂದು ಫೋಟೋ ವಿಹಾರದ ಗೋಡೆಗೆ ಹಾಕೋಣ ಎಂದೂ ಶ್ರೀಮಂತ ಹೇಳಿದ. ಚಪ್ಪಾಳೆಯಾಯಿತು.

"ಅಂವಂದು ಫೋಟೋ ಇಲ್ಲ," ಎಂದಳು ಕರೆಮ್ಮ. "ಓಟಿನ ಕಾರ್ಡಿನ್ಯಾಗ ಒಂದಿತ್ತು. ಅದರಾಗ ಮಾರಿ ಕಾಣಂಗಿಲ್ಲ."

ಪರಿಮಳಾ ಅರ್ಜಿಗೆ ಸಹಿ ಹಾಕಿದಳು. ಸಭೆ ಮುಗಿಯಿತು.

ಆ ಸಂಜೆ ಬುದ್ಧಪ್ರಿಯ ಬಂದ. ಅಪ್ಪನಿಗೆ ಬಿಪಿ ಇದೆ, ನಾಲ್ಕು ಮಂದಿಯ ಮುಂದೆ ಹೇಗೆ ಮಾತಾಡಲಿ, ಮನೆಯಲ್ಲಿ ಖಂಡಿತ ಮಾತಾಡುತ್ತೇನೆ ಎಂದ. ಕರೆಮ್ಮ ಅಕ್ಕಿ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣು ತೆಗೆಯಲಿಲ್ಲ.

"ಶಬ್ದದ ಅರ್ಥ ಚಲೋ ಬಿಡಿಸ್ತಿ ಯಪ್ಪಾ. ಬಿಡಿಸ್ಕೊಂತ ಇರು," ಎಂದಳು. ಅವನು ಎದ್ದು ಹೋದ. ಮುಂದಿನ ಹುಣ್ಣಿಮೆಯಿಂದ ಅವಳು ಪಾಠಕ್ಕೆ ಕೂರಲಿಲ್ಲ. ವಂದನೆ ಮುಗಿದ ಕೂಡಲೇ ಎದ್ದು ಬರುತ್ತಿದ್ದಳು.

ಶ್ರಾವಣದಲ್ಲಿ ಪರಿಮಳಾಗೆ ಹೊಟ್ಟೆನೋವು ಎದ್ದಿತು. ಪಿತ್ತದ ಚೀಲದಲ್ಲಿ ಹರಳು, ಆಪರೇಶನ್ ಆಗಬೇಕು ಎಂದರು. ಶಾಲೆಯಲ್ಲಿ ಅಡುಗೆಗೆ ಬೇರೆ ಯಾರೂ ಇಲ್ಲ. ಬಗ್ಗಿದ ಬೆನ್ನಿನಲ್ಲಿ, ಒಂದು ಕೈ ಪಕ್ಕೆಗೆ ಒತ್ತಿಕೊಂಡು ಅವಳೇ ಕರೆಮ್ಮನ ಮನೆಗೆ ಬಂದಳು.

"ಅಕ್ಕಾ, ಹದಿನೈದು ದಿನ. ಸಪ್ನಾನ್ನ ಕಳಿಸು. ಪಗಾರ ಪೂರಾ ಆಕಿ ಕೈಯಾಗ ಕೊಡ್ತೀನಿ."

"ಆ ಹದಿನೈದು ದಿನ ಯಾರ ಹೆಸರಿಗೆ ಬೀಳ್ತಾವ?"

"ಹಾಜರಿ ನನ್ನ ಹೆಸರಿಗೇ ಬೀಳಬೇಕಲ್ಲ. ಇಲ್ಲಂದ್ರ ನನ್ನ ತಗೀತಾರ."

"ಬೀಳ್ಲಿ. ಖರೆ ಒಂದು ಕಾಗದದ ಮ್ಯಾಲ ಬರಿ. ಪಾಳಿ ಪರಿಮಳಾಂದು, ಮಾಡಿದಾಕಿ ಸಪ್ನಾ, ಎರಡನೇ ಮನಿಯಾಕಿ. ಆರೂ ಮನಿಯವ್ರು ಸಹಿ ಹಾಕ್ಲಿ. ಅಷ್ಟು ಸಾಕು ನನಗ."

ಪರಿಮಳಾಳ ಕಣ್ಣಲ್ಲಿ ನೀರು ಬಂತು. ನೋವಿಗೂ ಬಂದಿರಬಹುದು. "ಇಂಥ ಹೊತ್ತಿನ್ಯಾಗ ಕಾಗದ ಕೇಳ್ತೀಯಲ್ಲ ಅಕ್ಕಾ. ಬದುಕಿ ಬಂದ್ರ ಬರದು ಕೊಡ್ತೀನಿ ತಗೋ."

ಕರೆಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಶಾಲೆಯಲ್ಲಿ ಒಲೆ ಹೊತ್ತಲಿಲ್ಲ. ಮೂವತ್ತೆಂಟು ಮಕ್ಕಳಿಗೆ ಹೆಡ್ ಮಾಸ್ತರು ಅಂಗಡಿಯಿಂದ ಬಿಸ್ಕೀಟು ತರಿಸಿ ಹಂಚಿದರು. ಮಧ್ಯಾಹ್ನದೊಳಗೆ ಓಣಿಯಲ್ಲಿ ಒಂದೇ ಮಾತಾಯಿತು. ಕರೆಮ್ಮ ಮಕ್ಕಳ ಹೊಟ್ಟೆ ಮೇಲೆ ಹೊಡೆದಳು, ಇಷ್ಟು ಹಟ ಹೆಣ್ಣಿಗೆ ಆಗದು, ಮರಿಲಿಂಗಪ್ಪ ಎಂಥವನಿದ್ದ, ಇವಳು ಎಂಥವಳು. ಅವನು ಎಂಥವನಿದ್ದ ಎಂಬುದು ಆ ದಿನ ಎಲ್ಲರಿಗೂ ನೆನಪಿತ್ತು.

ಎರಡನೆಯ ದಿನ ಬೆಳಿಗ್ಗೆ ಸಪ್ನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

"ಹೋಗೂದಾದ್ರ ಬರಸ್ಕೊಂಡು ಹೋಗು," ಎಂದಳು ಕರೆಮ್ಮ.

"ಮಕ್ಕಳು ಉಪಾಸ ಅವ ಅವ್ವಾ. ಚಲೋ ಮಾಡಿದ್ರ ಮುಂದ ಅವ್ರೇ ಕರೀತಾರ."

ಕರೆಮ್ಮ ತಡೆಯಲಿಲ್ಲ. ಆ ಮಾತು ಆಡಿದ ಬಾಯಿ ಮಗಳದು, ದನಿ ಅಪ್ಪನದು. ತಡೆದರೆ ನಿಲ್ಲುವ ಜಾತಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಹದಿನೈದು ದಿನ ಎಂದದ್ದು ಇಪ್ಪತ್ತೈದಾಯಿತು. ಸಪ್ನಾ ಒಂದು ದಿನವೂ ತಪ್ಪಿಸಲಿಲ್ಲ. ಪರಿಮಳಾ ಚೇತರಿಸಿಕೊಂಡು ಬಂದಳು. ಪಗಾರದ ಮಾತು ಉಳಿಸಿಕೊಂಡಳು, ಇಪ್ಪತ್ತೈದು ದಿನದ್ದು ಸರಿಯಾಗಿ ಕೊಟ್ಟಳು. ಕಾಗದದ ಮಾತು ಇಬ್ಬರೂ ತೆಗೆಯಲಿಲ್ಲ. ಕೊನೆಯ ದಿನ ಸಪ್ನಾ ಮೂರು ಗಂಟೆಗೆ ಮನೆಗೆ ಬಂದು ಕೈಕಾಲು ತೊಳೆದು ಕೂತಳು. ಬೆರಳುಗಳಲ್ಲಿ ಇನ್ನೂ ಅರಿಶಿನ ಇತ್ತು.

"ಏನಂದ್ರು?" ಎಂದು ಕೇಳಿದಳು ಕರೆಮ್ಮ.

"ಸಾರು ಚಲೋ ಆಗ್ತಿತ್ತು ಅಂದ್ರು ಹೆಡ್ ಮಾಸ್ತರು."

"ಪರಿಮಳಾ?"

"ಚಾವಿ ಇಸ್ಕೊಂಡ್ಲು."

ಕರೆಮ್ಮ ಗೋಡೆಗೆ ಒರಗಿ ಬೆರಳ ಗಿಣ್ಣು ಮುಟ್ಟಿ ಎಣಿಸಿದಳು. ಪರಿಮಳಾಳದು ಆದ ಮೇಲೆ ನಾಲ್ಕನೆಯ ಮನೆ, ಐದನೆಯದು, ಆರನೆಯದು, ಆಮೇಲೆ ಬೇವಿನ ಗಿಡದ ಮನೆ. ಇಪ್ಪತ್ತು ವರ್ಷ. ನಡುವೆ ಮತ್ತೆ ಶಾಲೆ ಮುಚ್ಚಬಾರದು. ಸಪ್ನಾಗೆ ಈಗ ಮೂವತ್ನಾಲ್ಕು, ಆಗ ಐವತ್ನಾಲ್ಕು. ಅರವತ್ತಕ್ಕೆ ಆರು ವರ್ಷ ಕಡಿಮೆ. ಎರಡು ಸಲ ಎಣಿಸಿದಳು, ಎರಡು ಸಲವೂ ಅಷ್ಟೇ ಬಂತು.

"ನಾಳಿ ಶಹಾಪುರಕ್ಕ ಹೋಗೂಣು," ಎಂದಳು. "ಸುರಪುರದ ಕಾರ್ಡಿನಿಂದ ಹೆಸರು ತಗಿಸಿ ಈ ಮನಿ ಕಾರ್ಡಿಗೆ ಹಾಕಿಸೂಣು. ಹುಟ್ಟಿದ ವರ್ಷಾನೂ ನೋಡಿ ಬರಸು."

"ಈಗ್ಯಾಕವ್ವ ಅದು?"

"ಇಪ್ಪತ್ತು ವರ್ಷಕ್ಕ ಪಾಳಿ ಬರ್ತದಲ್ಲ."

ಸಪ್ನಾ ಅವ್ವ ಚಾಷ್ಟಿ ಮಾಡುತ್ತಿದ್ದಾಳೆಂದು ನಕ್ಕಳು. ಕರೆಮ್ಮ ನಗಲಿಲ್ಲ. ಎದ್ದು ಟ್ರಂಕಿನ ಮುಚ್ಚಳ ತೆಗೆದು ಆಧಾರ ಕಾರ್ಡು, ಮಗಳ ಶಾಲೆ ಬಿಟ್ಟ ದಾಖಲೆ, ಗಂಡನ ಸಾವಿನ ದಾಖಲೆ ಒಂದೊಂದೇ ಹುಡುಕಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕತೊಡಗಿದಳು.